ಮಕ್ಕಳನ್ನು ಯಾರ ಹೆಸರಿಗೆ ಬರೆಯುವುದು

ನೋಂದಣಿ ಕಚೇರಿಯ ಬಾಗಿಲು ತೆರೆಯುತ್ತಿದ್ದುದು ಹತ್ತು ಗಂಟೆಗೆ. ಎದುರು ಸಾಲಿನಲ್ಲಿದ್ದ ನನ್ನ ಮೇಜು ಸಿದ್ಧವಾಗುತ್ತಿದ್ದುದು ಒಂಬತ್ತು ಮುಕ್ಕಾಲಿಗೆ. ಆ ಹದಿನೈದು ನಿಮಿಷದಲ್ಲಿ ಮೇಜು ಒರೆಸುವುದು, ಸ್ಟಾಂಪ್ ಪ್ಯಾಡಿಗೆ ಎರಡು ಹನಿ ಶಾಯಿ, ಗುಂಡುಸೂಜಿ ಎಡಕ್ಕೆ, ಬಿಳಿ ಹಾಳೆ ಬಲಕ್ಕೆ, ಒಂದು ಲೋಟ ನೀರು. ಮೂವತ್ತೆಂಟು ವರ್ಷ ಹೀಗೇ ನಡೆಯಿತು. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಒಂಬತ್ತು ಮುಕ್ಕಾಲಿಗೆ ಊಟದ ಮೇಜು ಒರೆಸುತ್ತೇನೆ, ಮನೆಯವರ ತಿಂಡಿ ಮುಗಿದಿರಲಿ, ಬಿಡಲಿ.

ಪತ್ರ ಬರಹಗಾರರ ಕೆಲಸಕ್ಕೆ ಹೊಸದಾಗಿ ಬರುವವರು ಈಗಲೂ ಒಬ್ಬಿಬ್ಬರು ಹುಡುಕಿಕೊಂಡು ಬಂದು, "ಮೇಡಂ, ಏನಾದ್ರೂ ಹೇಳಿಕೊಡಿ" ಅನ್ನುತ್ತಾರೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳಿಗೆ ನಮೂನೆ ಸಿಗುತ್ತದೆ, ನೋಡಿ ಕಲಿಯಬಹುದು. ಮರಣಶಾಸನಕ್ಕೂ ನಮೂನೆ ಸಿಗುತ್ತದೆ. ತೊಂದರೆ ಇರುವುದೇ ಅಲ್ಲಿ. ಅದರಲ್ಲೂ ಚಿಕ್ಕ ಮಕ್ಕಳಿರುವವರು ಬಂದು, ನಾವಿಲ್ಲದಿದ್ದರೆ ಮಕ್ಕಳಿಗೆ ಯಾರು ಎಂದು ಬರೆಸುವಾಗ ನಮೂನೆಯನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದನ್ನು ನಾನು ಮಾಡಿ ನೋಡಿದ್ದೇನೆ. ನೀವು ಮಾಡಬೇಡಿ.

ನಾನು ಟೈಪಿಂಗ್ ಕಲಿತದ್ದು ತೀರ್ಥಹಳ್ಳಿಯಲ್ಲಿ. ಅಲ್ಲಿ ಕೀಲಿಮಣೆಯ ಕಡೆ ಕಣ್ಣು ಹೊರಳಿದರೆ ಬೆರಳ ಗೆಣ್ಣಿಗೆ ಅಡಿಕೋಲು ಬೀಳುತ್ತಿತ್ತು. ಕೆಲಸ ಕಲಿತದ್ದು ಹೊಸನಗರದಲ್ಲಿ, ಊರವರೆಲ್ಲ ರಾಯರು ಎನ್ನುತ್ತಿದ್ದ ಹಿರಿಯ ಪತ್ರ ಬರಹಗಾರರೊಬ್ಬರ ಕೈಕೆಳಗೆ. ಅವರು ಅಡಿಕೋಲು ಬಳಸುತ್ತಿರಲಿಲ್ಲ. ಹಾಳೆಯ ಎಡಕ್ಕೆ ಒಂದೂವರೆ ಅಂಗುಲ ಬಿಟ್ಟು ಕೆಂಪು ಗೆರೆ ಎಳೆದುಕೊಡುತ್ತಿದ್ದರು. ಒಂದು ಅಕ್ಷರದ ಕೊಂಬು ಆ ಗೆರೆ ದಾಟಿದರೂ ಮಾತಿಲ್ಲದೆ ಇಡೀ ಹಾಳೆ ಹರಿದು ಬುಟ್ಟಿಗೆ ಹಾಕುತ್ತಿದ್ದರು. ಅಡಿಕೋಲೇ ವಾಸಿ ಅನ್ನಿಸುತ್ತಿತ್ತು.

ರಾಯರು ಗಿರಾಕಿಗಳ ಎದುರು 'ಸಾವು' ಎಂಬ ಮಾತು ಆಡುತ್ತಿರಲಿಲ್ಲ. ವಿಲ್ ಬರೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಆಗ ಎಲ್ಲರ ನಂಬಿಕೆ. ಪಂಚಾಂಗ ನೋಡಿ, ಅಮಾವಾಸ್ಯೆ ತಪ್ಪಿಸಿ, ರಾಹುಕಾಲ ಕಳೆದ ಮೇಲೆ ಬಂದು ಕೂರುತ್ತಿದ್ದರು. ಒಬ್ಬರಂತೂ ಎಲ್ಲ ಬರೆಸಿದ ಮೇಲೆ ಪೆನ್ನು ಮುಟ್ಟಲು ಒಪ್ಪಲಿಲ್ಲ.

"ಬರ್ದಿಡಿ ರಾಯ್ರೇ. ಸಹಿ ಆಮೇಲೆ ಹಾಕ್ತೀನಿ."

"ಆಮೇಲೆ ಅಂದ್ರೆ ಯಾವಾಗ?"

"ಹೋಗೋ ಹಿಂದಿನ ದಿನ ಬಂದು ಹಾಕಿದ್ರಾಯ್ತಲ್ಲ."

ಇನ್ನೊಬ್ಬರು ಸಹಿ ಹಾಕಿ ಹೋದವರು ಆರು ವರ್ಷದ ನಂತರ ದೂರು ತಂದರು. "ಬರ್ಸಿ ಆರು ವರ್ಷ ಆಯ್ತು. ಏನೂ ಆಗ್ಲಿಲ್ಲ. ಮನೇಲಿ ಎಲ್ರೂ ನನ್ನ ಮುಖ ನೋಡ್ತಾರೆ." ರಾಯರು ತಣ್ಣಗೆ, "ಈ ಪತ್ರಕ್ಕೆ ವಾಯಿದೆ ಇಲ್ಲ. ನಿಧಾನ ಆಗ್ಲಿ" ಎಂದು ಕಳಿಸಿದರು.

ನನ್ನ ಮೊದಲ ದೊಡ್ಡ ತಪ್ಪು ಆ ಮೇಜಿನಲ್ಲೇ ಆಯಿತು. ರಾಯರು ರಜೆಯಲ್ಲಿದ್ದರು. ದಂಪತಿ ಬಂದು, ತಮ್ಮಿಬ್ಬರಿಗೂ ಏನಾದರೂ ಆದರೆ ನಾಲ್ಕು ಮಕ್ಕಳನ್ನು ಗಂಡನ ಗೆಳೆಯ, ಬಸ್ ಏಜೆಂಟ್ ಒಬ್ಬರು ನೋಡಿಕೊಳ್ಳಬೇಕು ಎಂದು ಬರೆಸಿದರು. ಗೆರೆ ದಾಟದ ಹಾಗೆ ನೀಟಾಗಿ ಬರೆದೆ. ಗೆಳೆಯನಿಗೆ ಹೇಳಿದ್ದೀರಾ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಅವರೂ ಹೇಳಿರಲಿಲ್ಲ. ಆ ಗಂಡ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದವರ ಬಳಿ ಬಾಯಿಬಿಟ್ಟಿದ್ದಾರೆ. ಎರಡು ದಿನ ಬಿಟ್ಟು ಏಜೆಂಟರು ಛತ್ರಿ ಹಿಡಿದುಕೊಂಡು ಬಂದರು. ಮಳೆ ಇರಲಿಲ್ಲ.

"ಮದ್ವೆನೇ ಆಗದ ನಂಗೆ ನಾಲ್ಕು ಮಕ್ಕಳು ಬರ್ದಿದೀರಂತಲ್ರೀ!"

"ಈಗಲೇ ಅಲ್ಲ ಸರ್, ಅವರಿಬ್ಬರೂ..."

"ಯಾವಾಗಾದ್ರೂ ಆಗ್ಲಿ! ಹೆಣ್ಣಿನ ಕಡೆಯವ್ರು ನಾಳೆ ಬರೋರಿದ್ರು. ಹುಡುಗನಿಗೆ ಆಗಲೇ ನಾಲ್ಕು ಇದಾವಂತೆ ಅಂತ ನಿಟ್ಟೂರು ದಾಟಿ ಸುದ್ದಿ ಹೋಗಿದೆ!"

ರಾಯರು ಹೆಣ್ಣಿನ ಮನೆಯವರಿಗೆ ವಿವರವಾದ ಕಾಗದ ಬರೆದ ಮೇಲೆ ಮದುವೆ ನಡೆಯಿತು. ನನಗೆ ಅವರು ಹೇಳಿದ್ದು ಒಂದೇ ಮಾತು: "ಹಸು ಮಾರೋವಾಗ ಕೊಳ್ಳೋನನ್ನ ಕೇಳ್ತಾರೆ. ಮಕ್ಕಳನ್ನ ಕೊಡೋವಾಗ ಕೇಳ್ಬಾರ್ದಾ?" ಅಂದಿನಿಂದ ನನ್ನ ಮೊದಲನೆಯ ನಿಯಮ: ಪೋಷಕರಾಗುವವರ ಒಪ್ಪಿಗೆಯನ್ನು ನಾನೇ ಅವರ ಬಾಯಿಂದ ಕೇಳದೆ ಪತ್ರಕ್ಕೆ ಸಹಿ ಹಾಕಿಸುವುದಿಲ್ಲ.

ಎರಡನೆಯ ನಿಯಮ ಪ್ರಶ್ನೆಪಟ್ಟಿ. ಒಪ್ಪಿಗೆ ಕೇಳಲು ಶುರುಮಾಡಿದ ಮೇಲೆ ಗೊತ್ತಾಯಿತು, ಎಲ್ಲರೂ ಒಪ್ಪುತ್ತಾರೆ. ಎದುರಿಗೆ ಕೂತ ಸಂಬಂಧಿಕರ ಮುಖ ನೋಡಿ ಯಾರು ಒಲ್ಲೆ ಅಂದಾರು? ಹಾಗಾಗಿ ಹತ್ತು ಪ್ರಶ್ನೆಗಳ ಒಂದು ಹಾಳೆ ಮಾಡಿದೆ. ಶಾಲೆಯಲ್ಲಿ ಮಗುವಿನ ಹೆಸರೇನು, ಏನು ತಿನ್ನುವುದಿಲ್ಲ, ಯಾವ ಔಷಧ ಆಗುವುದಿಲ್ಲ, ಯಾವುದಕ್ಕೆ ಹೆದರುತ್ತದೆ, ಹೀಗೆ. ಕಾನೂನಿನಲ್ಲಿ ಇದು ಎಲ್ಲೂ ಇಲ್ಲ. ನನ್ನ ಮೇಜಿನಲ್ಲಿ ಇತ್ತು.

ಮದುವೆಯಾಗಿ ಸಾಗರಕ್ಕೆ ಬಂದು ಅಲ್ಲಿ ಮೇಜು ಹಾಕಿದೆ. ಕೈಬರಹ ಹೋಗಿ ಟೈಪ್‌ರೈಟರ್ ಬಂತು, ಅದು ಹೋಗಿ ಕಂಪ್ಯೂಟರ್ ಬಂತು. ಟೈಪ್‌ರೈಟರಿನಲ್ಲಿ ತಪ್ಪಾದರೆ ಹಾಳೆ ಹಾಳಾಗುತ್ತಿತ್ತು, ಆದ್ದರಿಂದ ತಪ್ಪು ಮಾಡುವ ಮುಂಚೆ ಯೋಚಿಸುತ್ತಿದ್ದೆವು. ಕಂಪ್ಯೂಟರಿನಲ್ಲಿ ಹಳೆಯ ಪತ್ರ ತೆರೆದು, ಹೆಸರು ಬದಲಿಸಿದರೆ ಹೊಸ ಪತ್ರ. ಒಂದು ಪದ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಇನ್ನೊಂದು ಪದ ತಾನೇ ಕೂರುತ್ತದೆ. ಈ ಸೌಲಭ್ಯ ಕಂಡು ನಾನು ಬಹಳ ಸಂತೋಷಪಟ್ಟಿದ್ದೆ. ಶ್ಯಾಮಲಾ ಬರುವವರೆಗೆ.

ಶ್ಯಾಮಲಾ ಜೋಗದವರು. ಗಂಡ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿದ್ದು ಕಾಯಿಲೆಯಿಂದ ತೀರಿಕೊಂಡಿದ್ದರು. ಅನುಕಂಪದ ಮೇಲೆ ಇವರಿಗೆ ಅಲ್ಲೇ ಗುಮಾಸ್ತೆಯ ಕೆಲಸ, ಅದೇ ಕ್ವಾರ್ಟರ್ಸ್. ಹನ್ನೊಂದು ಮತ್ತು ಆರು ವರ್ಷದ ಇಬ್ಬರು ಹೆಣ್ಣುಮಕ್ಕಳು. ಒಂದು ಸೋಮವಾರ ಹತ್ತೂವರೆಗೆ ಬಂದು ಕೂತು ನೇರವಾಗಿ ಹೇಳಿದರು:

"ಮುಂದಿನ ವಾರ ಗುರುವಾರ ನಂಗೆ ಹಾರ್ಟಿನ ವಾಲ್ವ್ ಆಪರೇಶನ್ ಇದೆ ಮೇಡಂ, ಘಟ್ಟದ ಕೆಳಗೆ. ಡಾಕ್ಟ್ರು ಧೈರ್ಯ ಹೇಳಿದಾರೆ. ಆದ್ರೂ ಅದ್ಕೆ ಮುಂಚೆ ಮಕ್ಕಳಿಗೆ ಯಾರು ಅಂತ ಬರ್ದಿಟ್ಟು ಹೋಗ್ಬೇಕು. ಇಲ್ದಿದ್ರೆ ಟೇಬಲ್ ಮೇಲೆ ಮಲಗೋಕೆ ಧೈರ್ಯ ಬರಲ್ಲ."

ನನ್ನ ಗಿರಾಕಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡಿದವರು ಕಡಿಮೆ. ನಾನು ಖುಷಿಯಾಗಿ ಎಂದಿನ ಪ್ರಶ್ನೆ ಕೇಳಿದೆ:

"ಯಜಮಾನರ ಕಡೆ ಹಿರಿಯರು ಯಾರಿದ್ದಾರೆ?"

"ಭಾವ ಇದಾರೆ. ಅವರ ಅಣ್ಣ. ಅರಳಸುರಳಿ ಕಡೆ ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು, ಗಣಪತಿ ಅಂತ."

"ಸರಿ. ಶುಕ್ರವಾರ ಹನ್ನೊಂದಕ್ಕೆ ಅವರನ್ನು ಕರ್ಕೊಂಡು ಬನ್ನಿ."

ಗಂಡ ಇಲ್ಲದ ಹೆಂಗಸಿನ ಮಕ್ಕಳಿಗೆ ದೊಡ್ಡಪ್ಪ ಪೋಷಕ. ಎಷ್ಟೋ ಪತ್ರಗಳಲ್ಲಿ ಹಾಗೇ ಬರೆದಿದ್ದೆ. ಹಳೆಯ ಮರಣಶಾಸನವೊಂದನ್ನು ತೆರೆದು, 'ಸ್ವತ್ತು' ಇದ್ದ ಕಡೆ 'ಮಕ್ಕಳು' ಬರುವ ಹಾಗೆ ಮಾಡಿ, ಗಣಪತಿ ಮೇಷ್ಟ್ರ ಹೆಸರು ಕೂರಿಸಿ, ಅವತ್ತು ಮಧ್ಯಾಹ್ನವೇ ಕರಡು ಮುಗಿಸಿದೆ. ಸಮಯಕ್ಕೆ ಮೊದಲೇ ಮುಗಿದ ಕೆಲಸ ನೋಡಿ ಹೆಮ್ಮೆಯೂ ಆಯಿತು.

ಶುಕ್ರವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮೂವರು ಬಂದರು. ಶ್ಯಾಮಲಾ, ಇಸ್ತ್ರಿ ಮಾಡಿದ ಅಂಗಿಯ ಗಣಪತಿ ಮೇಷ್ಟ್ರು, ಅವರ ಹೆಂಡತಿ ಜಾನಕಿ. ಓರಗಿತ್ತಿಯರಿಬ್ಬರೂ ಕೈಹಿಡಿದುಕೊಂಡೇ ಬಂದಿದ್ದರು, ಆದರೂ ಜಾನಕಿಯವರಿಗೆ ನಾನು ಕುರ್ಚಿ ಕೊಡಲಿಲ್ಲ. ಪತ್ರದಲ್ಲಿ ಅವರ ಕೆಲಸ ಇರಲಿಲ್ಲವಲ್ಲ. ಹಿಂದಿನ ಬೆಂಚಿನಲ್ಲಿ ಕೂತರು.

ಮೇಷ್ಟ್ರು ಒಪ್ಪಿಗೆಯನ್ನು ಭಾಷಣದಂತೆ ಕೊಟ್ಟರು. ತಮ್ಮನ ಮಕ್ಕಳು ಎಂದರೆ ತಮ್ಮ ಮಕ್ಕಳು, ಅವರ ವಿದ್ಯಾಭ್ಯಾಸ, ಶಿಸ್ತು, ಎಲ್ಲ. ಕೇಳಿ ಮುಗಿದ ಮೇಲೆ ಪ್ರಶ್ನೆಪಟ್ಟಿ ಕೊಟ್ಟೆ. ಅವರ ಮುಖ ಅರಳಿತು. ಇಪ್ಪತ್ತೈದು ವರ್ಷ ಪ್ರಶ್ನೆಪತ್ರಿಕೆ ಕೊಟ್ಟವರು.

"ಎಷ್ಟು ಹೊತ್ತು ಕೊಡ್ತೀರಿ?"

"ಹದಿನೈದು ನಿಮಿಷ."

"ಹತ್ತು ಸಾಕು" ಎಂದು ಪೆನ್ನು ತೆಗೆದರು.

ಮೊದಲ ಪ್ರಶ್ನೆಯಲ್ಲೇ ನಿಂತರು. ಶಾಲೆಯ ದಾಖಲೆಯಲ್ಲಿರುವಂತೆ ಮಕ್ಕಳ ಪೂರ್ಣ ಹೆಸರು. 'ಪುಟ್ಟಿ, ಚಿನ್ನು' ಎಂದು ಬರೆದು, ಹೊಡೆದು, ಸೂರು ನೋಡಿದರು. ಹಿಂದಿನಿಂದ ಮೆಲ್ಲಗೆ ಕೇಳಿಸಿತು:

"ಪ್ರಣತಿ, ಮೇದಿನಿ."

"ಶ್ಶ್! ನೀ ಸುಮ್ನಿರು ಮಾರಾಯ್ತಿ. ಪರೀಕ್ಷೆಲಿ ಹೇಳ್ಕೊಡದು ತಪ್ಪು."

ಏನು ತಿನ್ನುವುದಿಲ್ಲ? ಮೇಷ್ಟ್ರು ಬರೆದರು: 'ಅಂಥದ್ದೇನೂ ಇಲ್ಲ. ಕೊಟ್ಟಿದ್ದನ್ನು ತಿನ್ನಬೇಕು.'

"ದೊಡ್ಡದು ಹಲಸಿನಹಣ್ಣು ಮುಟ್ತಿಲ್ಲೆ" ಎಂದು ಬೆಂಚು ಹೇಳಿತು.

ಯಾವ ಔಷಧ ಆಗುವುದಿಲ್ಲ? ಖಾಲಿ.

"ಚಿಕ್ಕದಕ್ಕೆ ಆ ಕೆಂಪು ಸಿರಪ್ ಆಗ್ತಿಲ್ಲೆ. ಹೋದ ವರ್ಷ ಮೈಯೆಲ್ಲ ಗಂಧೆ ಎದ್ದಿತ್ತು. ಇವಕ್ಕೆ ಎಂತದೂ ಗೊತ್ತಿಲ್ಲೆ" ಎಂದು ಬೆಂಚು ಗಂಡನ ಕಡೆ ಕೈ ಮಾಡಿತು.

ಯಾವುದಕ್ಕೆ ಹೆದರುತ್ತದೆ? 'ಗಣಿತಕ್ಕೆ' ಎಂದು ಬರೆದು, ಇದೊಂದಾದರೂ ಸರಿ ಎನ್ನುವ ಹಾಗೆ ನನ್ನ ಕಡೆ ನೋಡಿದರು.

"ಮಿಕ್ಸಿ ಶಬ್ದಕ್ಕೆ" ಎಂದಿತು ಬೆಂಚು. "ಚಟ್ನಿ ಅರೆಯಕರೆ ಚಿಕ್ಕ ಕೂಸನ್ನ ಅಂಗಳಕ್ಕೆ ಕಳ್ಸಕು."

ಹತ್ತರಲ್ಲಿ ಎರಡು ಬಂತು. ಆ ಎರಡರಲ್ಲಿ ಒಂದಕ್ಕೆ ನಾನು ಧಾರಾಳವಾಗಿ ಅಂಕ ಕೊಟ್ಟಿದ್ದೆ. ಶ್ಯಾಮಲಾ ಸೆರಗು ಬಾಯಿಗೆ ಒತ್ತಿಕೊಂಡು ಅಲುಗುತ್ತಿದ್ದರು. ಎದೆನೋವೇನೋ ಎಂದು ಗಾಬರಿಯಾಯಿತು. ನಗುತ್ತಿದ್ದರು.

ಮಾತು ತಿರುಗಿಸಲು ನಾನು ಕರಡನ್ನು ಅವರ ಕೈಗೆ ಕೊಟ್ಟೆ. "ಒಮ್ಮೆ ಓದ್ಕೊಳ್ಳಿ." ಅವರು ಎರಡನೆಯ ಪುಟದಲ್ಲಿ ನಗು ನಿಲ್ಲಿಸಿದರು.

"ಮೇಡಂ, ಇಲ್ಲಿ ಏನು ಬರ್ದಿದೀರಿ ನೋಡಿ." ಗಟ್ಟಿಯಾಗಿ ಓದಿದರು: "'ಸದರಿ ಗಣಪತಿಯವರು ಮೇಲ್ಕಂಡ ಮಕ್ಕಳನ್ನು ತಮ್ಮ ವಶಕ್ಕೆ ಪಡೆದು, ದಾನ, ಕ್ರಯ, ಆಧಾರ, ಭೋಗ್ಯಾದಿ ಪರಭಾರೆಯ ಸಕಲ ಹಕ್ಕುಗಳೊಂದಿಗೆ ಪುತ್ರಪೌತ್ರ ಪಾರಂಪರ್ಯವಾಗಿ ಸುಖವಾಗಿ ಅನುಭವಿಸಿಕೊಂಡು ಬರತಕ್ಕದ್ದು.'"

ಸಾಲಿನ ಅಕ್ಕಪಕ್ಕದ ಮೇಜುಗಳಲ್ಲಿ ಬರೆಯುವ ಸದ್ದು ನಿಂತಿತು.

"ಅಂದ್ರೆ ಭಾವ ನನ್ನ ಮಕ್ಕಳನ್ನ ಮಾರಬಹುದು?"

"ಅಡವೂ ಇಡಬಹುದು" ಎಂದರು ಮೇಷ್ಟ್ರು, ಇಣುಕಿ ನೋಡಿ. ಲೆಕ್ಕದ ಹೊರತು ಬೇರೆ ಸಂದರ್ಭದಲ್ಲಿ ಅವರು ಅಷ್ಟು ಗಮನವಿಟ್ಟು ಓದಿದ್ದು ಅದೇ ಮೊದಲಿರಬೇಕು.

ಮೂವತ್ತು ವರ್ಷದ ಅನುಭವ ಇದ್ದ ನಾನು ಕ್ಷಮೆ ಕೇಳಿದೆ. ಸ್ವತ್ತಿನ ಜಾಗದಲ್ಲಿ ಮಕ್ಕಳು ಕೂತದ್ದು ಯಂತ್ರದ ತಪ್ಪಲ್ಲ, ನಾನು ಓದಿ ನೋಡದ ತಪ್ಪು. ಆ ವಾಕ್ಯ ಹೊಡೆದುಹಾಕುತ್ತೇನೆ, ಉಳಿದದ್ದು ಸರಿ ಇದೆ ಎಂದೆ.

"ಉಳಿದದ್ದೂ ಸರಿ ಇಲ್ಲ" ಎಂದರು ಶ್ಯಾಮಲಾ. "ಹೆಸರು ಬದಲಾಗ್ಬೇಕು. ಅಕ್ಕಯ್ಯನ ಹೆಸರು ಹಾಕಿ. ಜಾನಕಿ."

"ಮತ್ತೆ ಮೊದಲ ದಿನ ಭಾವನ ಹೆಸರು ಹೇಳಿದ್ರಿ?"

"ನೀವು ಕೇಳಿದ್ದು ಯಜಮಾನರ ಕಡೆ ಹಿರಿಯರು ಯಾರು ಅಂತ. ಮಕ್ಕಳನ್ನ ಯಾರ ಹತ್ರ ಬಿಡ್ತೀರಿ ಅಂತ ಕೇಳಿದ್ರೆ ಬೇರೆ ಹೇಳ್ತಿದ್ದೆ."

ಗಂಡಸರೇ ತುಂಬಿದ್ದ ಸಾಲಿನಲ್ಲಿ ಹೆಂಗಸಾಗಿ ಮೇಜು ಹಾಕಿದವಳು ನಾನು. ಪರವಾನಗಿ ಕೊಡುವಾಗ "ನಿಮಗೆ ಆಗುತ್ತದೆಯೇ?" ಎಂದು ಕೇಳಿದವರ ಮುಖ ಈಗಲೂ ನೆನಪಿದೆ. ಅಂಥವಳು ಮೂವತ್ತು ವರ್ಷ ಒಬ್ಬ ಹೆಂಗಸನ್ನೂ ಪೋಷಕಿ ಎಂದು ಬರೆದಿರಲಿಲ್ಲ. ಬರೆಯಬಾರದು ಎಂದು ಯಾವ ಕಾನೂನೂ ಹೇಳಿರಲಿಲ್ಲ. ರಾಯರ ಕೆಂಪು ಗೆರೆಯ ಹಾಗೆ ಅದೂ ಒಂದು ಗೆರೆ ಎಂದುಕೊಂಡಿದ್ದೆ, ಅಷ್ಟೆ.

ಜಾನಕಿಯವರನ್ನು ಮುಂದೆ ಕರೆದು ಕುರ್ಚಿ ಕೊಟ್ಟೆ. ಅವರು ಹೆದರಿ, "ಅಮ್ಮ, ನಂಗೆ ಕೋರ್ಟು ಕಚೇರಿ ಗೊತ್ತಿಲ್ಲ" ಎಂದರು.

"ಕೋರ್ಟಿಗೆ ಮಿಕ್ಸಿ ವಿಷಯ ಗೊತ್ತಿಲ್ಲ" ಎಂದೆ. "ಒಪ್ಪಿಗೆಯೋ ಅಲ್ಲವೋ ಹೇಳಿ."

ಅವರು ಶ್ಯಾಮಲಾ ಕಡೆ ತಿರುಗಿ, ತಮ್ಮ ಮನೆಮಾತಿನಲ್ಲಿ ರೇಗಿದರು. "ನಿಂಗೆ ಎಂತ ಆಗ್ತಿಲ್ಲೆ. ಬರಸದಾದ್ರೆ ಬರ್ಸು. ಕೂಸುಗೊ ಹೆಂಗೂ ಎಂಗಳವೇ." ಮಕ್ಕಳು ಹೇಗೂ ನಮ್ಮವೇ ಎಂಬ ಆ ಮಾತನ್ನು ಒಪ್ಪಿಗೆ ಎಂದು ಬರೆದುಕೊಂಡೆ.

ಗಣಪತಿ ಮೇಷ್ಟ್ರು ಎದ್ದಿದ್ದರು. ಪಿಂಚಣಿ, ಕಾಗದಪತ್ರ ನೋಡಿಕೊಂಡು ಪತ್ರವನ್ನು ಜಾರಿ ಮಾಡುವ ಕೆಲಸಕ್ಕೆ ಇನ್ನೊಬ್ಬರು ಬೇಕು, ಅದು ಬೇರೆಯೇ ಹುದ್ದೆ, ಅದಕ್ಕೆ ಲೆಕ್ಕ ಬಲ್ಲವರೇ ಆಗಬೇಕು ಎಂದು ವಿವರಿಸಿದೆ. ನಿಜವೂ ಹೌದು. ಇದನ್ನು ನೀವೂ ನೆನಪಿಡಿ: ಮಗುವನ್ನು ಸಾಕುವವರು, ಅದರ ಕಾಗದ ಸಂಭಾಳಿಸುವವರು ಒಬ್ಬರೇ ಆಗಬೇಕೆಂದಿಲ್ಲ.

"ಹಂಗಾದ್ರೆ ಅವಳು ಹೆಡ್‌ಮಿಸ್, ನಾನು ಗುಮಾಸ್ತ" ಎಂದರು ಮೇಷ್ಟ್ರು. "ಬರ್ಕೊಳ್ಳಿ." ಹೊರಗೆ ಹೋಗಿ ಮರದ ಕಟ್ಟೆಯ ಮೇಲೆ ಕೂತರು. ಶ್ಯಾಮಲಾ ಇಬ್ಬರು ಸಹೋದ್ಯೋಗಿಗಳನ್ನು ಸಾಕ್ಷಿಗೆ ಕರೆಸಿದ್ದರು. ಅವರ ಎದುರು ಸಹಿ ಆಯಿತು, ಅವರದ್ದೂ ಆಯಿತು, ಒಳಗೆ ನೋಂದಣಿಯೂ ಆಯಿತು. ಮೇಷ್ಟ್ರು ಅಷ್ಟು ಹೊತ್ತೂ ಅಲ್ಲೇ ಕೂತಿದ್ದರು. ಚಹಾ ಕಳಿಸಿದೆ, ಮುಟ್ಟಲಿಲ್ಲ.

ಮುಂದಿನ ಗುರುವಾರ ನಾನು ಗಡಿಯಾರ ನೋಡುತ್ತಿದ್ದುದು ನಿಜ. ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ ಎಂದು ಶ್ಯಾಮಲಾ ಹೇಳಿದ್ದರು. ಹನ್ನೆರಡು ಗಂಟೆ ದಾಟಿದ ಮೇಲೆ ಆಟೋ ಒಂದು ಮೇಜಿನ ಎದುರೇ ನಿಂತಿತು. ಗಣಪತಿ ಮೇಷ್ಟ್ರು ಇಳಿದರು. ಹಿಂದೆಯೇ ಪ್ರಣತಿ, ಮೇದಿನಿ, ಮೇಷ್ಟ್ರ ಒಂಬತ್ತು ವರ್ಷದ ಒಬ್ಬಳೇ ಮಗಳು. ಮೇಷ್ಟ್ರ ಅಂಗಿಗೆ ಇಸ್ತ್ರಿ ಇರಲಿಲ್ಲ, ಭುಜದ ಮೇಲೆ ಒಂದು ನೀರಿನ ಬಾಟಲಿ, ಕೈಯಲ್ಲಿ ಎರಡು.

ಜಾನಕಿ ಆಸ್ಪತ್ರೆಗೆ ಓರಗಿತ್ತಿಯ ಜೊತೆ ಹೋಗಿದ್ದರು. ಮೇಷ್ಟ್ರು ರಜೆ ಹಾಕಿ, ಮಗಳನ್ನೂ ಕರೆದುಕೊಂಡು ಜೋಗದ ಕ್ವಾರ್ಟರ್ಸಿನಲ್ಲಿ ಮಕ್ಕಳ ಜೊತೆ ಇದ್ದರು.

"ಮನೇಲಿ ಕೂರೋಕೆ ಆಗ್ಲಿಲ್ಲ ಮೇಡಂ. ವರದಹಳ್ಳಿಗೆ ಹೋಗಿ ಬಂದ್ವಿ. ತಗೊಳ್ಳಿ, ಪ್ರಸಾದ." ಕೊಟ್ಟು ಕೂತರು. "ನಂದೂ ಒಂದು ಬರೀರಿ."

"ಏನು?"

"ವಿಲ್. ಮಗಳಿಗೆ ಗಾರ್ಡಿಯನ್."

"ನಿಮ್ಮ ಹೆಂಡತಿ ಇರೋವರೆಗೂ ಆ ಮಾತಿಗೆ ಬೆಲೆ ಇಲ್ಲ, ಮೇಷ್ಟ್ರೇ."

"ಗೊತ್ತು. ಇಬ್ರೂ ಇಲ್ದೇ ಹೋದ್ರೆ ಅಂತ ಬರೀರಿ."

ಕೇಳಬೇಕಾದ ಪ್ರಶ್ನೆಯನ್ನು ಈ ಸಲ ಸರಿಯಾಗಿ ಕೇಳಿದೆ. "ಮಗಳನ್ನ ಯಾರ ಹತ್ರ ಬಿಡ್ತೀರಿ?"

"ಶ್ಯಾಮಲಾ ಹತ್ರ."

ನಾನು ಗಡಿಯಾರ ನೋಡಿದೆ. ಅವರು ನೋಡಲಿಲ್ಲ.

"ಒಪ್ಪಿಗೆ ಕೇಳದೆ ನಾನು ಸಹಿ ಹಾಕಿಸೋದಿಲ್ಲ. ಅವರು ಈಗ..."

"ಎಲ್ಲಿದಾಳೆ ಅಂತ ನಂಗೂ ಗೊತ್ತು. ಸಹಿ ಆಮೇಲೆ. ಹೆಸರು ಈಗ್ಲೇ ಹಾಕಿ." ಸ್ವಲ್ಪ ತಡೆದು ಹೇಳಿದರು: "ಬದುಕೋರ ಹೆಸರು ತಾನೇ ಅಲ್ಲಿ ಬರೆಯೋದು?"

ಹಳೆಯ ಪತ್ರ ತೆರೆಯಲಿಲ್ಲ. ಖಾಲಿ ಪುಟದಲ್ಲಿ ಮೊದಲಿನಿಂದ ಹೊಡೆದೆ. ಮಕ್ಕಳು ಮೂವರೂ ನನ್ನ ಗುಂಡುಸೂಜಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದರು. ಎಡಕ್ಕಿದ್ದದ್ದು ಬಲಕ್ಕೆ ಬಂತು, ಬರಲಿ ಎಂದು ಬಿಟ್ಟೆ. ಹನ್ನೆರಡೂವರೆಗೆ ಶ್ಯಾಮಲಾ ಅವರ ಹೆಸರು ಕೂತಿತು. ಊಟಕ್ಕೆ ಎದುರಿನ ಹೋಟೆಲಿಗೆ ಎಲ್ಲರೂ ಹೋದೆವು. ಮೇಷ್ಟ್ರು ಮೇದಿನಿಯನ್ನು ಅಡುಗೆಮನೆಯ ಬಾಗಿಲಿಂದ ದೂರ ಕೂರಿಸಿದರು. ಒಳಗೆ ಮಿಕ್ಸಿ ತಿರುಗುತ್ತಿತ್ತು.

ಮೇಜಿಗೆ ಮರಳಿ ಕೂತಿದ್ದಾಗ, ಮೂರೂ ಕಾಲಿಗೆ, ಜಾನಕಿಯವರ ಫೋನು ಬಂತು. ಮೇಷ್ಟ್ರು ಕಿವಿಗಿಟ್ಟು, ಕೇಳಿ, ಫೋನನ್ನು ನನ್ನ ಕೈಗೆ ಕೊಟ್ಟರು.

"ಆಪರೇಶನ್ ಆಯ್ತಂತೆ ಅಮ್ಮ. ಒಳಗೇ ಇಟ್ಟಿದಾರೆ. ಚೆನ್ನಾಗಾಗಿದೆ ಅಂದ್ರು ಡಾಕ್ಟ್ರು."

ನಾನು ಮಕ್ಕಳಿಗೆ ಹೇಳಿದೆ. ಮೇಷ್ಟ್ರು ಆಗಲೇ ಎದ್ದು ಮರದ ಕಟ್ಟೆಯ ಕಡೆ ಹೋಗಿದ್ದರು. ಈ ಸಲ ಕಳಿಸಿದ ಚಹಾ ಕುಡಿದರು.

ಒಪ್ಪಿಗೆ ಬಾಕಿ ಇತ್ತು. ಶ್ಯಾಮಲಾ ಮಾತಾಡುವಂತಾದದ್ದು ಮರುವಾರ. ಬುಧವಾರ ಹತ್ತಕ್ಕೆ ಮೇಷ್ಟ್ರನ್ನು ಎದುರಿಗೆ ಕೂರಿಸಿಕೊಂಡು ನಾನೇ ಫೋನು ಮಾಡಿದೆ. ದನಿ ದಾರದಷ್ಟು ತೆಳ್ಳಗಿತ್ತು. ವಿಷಯ ಹೇಳಿದೆ.

"ನನ್ನ ಹೆಸರಾ? ಯಾವಾಗ ಬರ್ಸಿದ್ರು?"

"ಹೋದ ಗುರುವಾರ. ಹನ್ನೆರಡೂವರೆಗೆ."

"ನಾನು ಟೇಬಲ್ ಮೇಲಿದ್ದಾಗ" ಎಂದು ತಮಗೇ ಹೇಳಿಕೊಂಡರು.

"ಒಪ್ಪಿಗೆ ಅಂತ ಹೇಳಿ ಮೇಡಂ" ಎಂದರು. "ಆದ್ರೆ ಮೂರು ತಿಂಗಳು ಭಾರ ಎತ್ತಬಾರ್ದು ಅಂದಿದಾರೆ ಡಾಕ್ಟ್ರು. ಅಲ್ಲಿವರೆಗೆ ಭಾವನಿಗೆ ಏನೂ ಆಗ್ಬಾರ್ದು."

ಮೇಷ್ಟ್ರಿಗೆ ಹಾಗೇ ಒಪ್ಪಿಸಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿ, ಬೆರಳು ಮಡಿಸಿ ಲೆಕ್ಕ ಹಾಕಿದರು.

"ಶಿವರಾತ್ರಿವರೆಗೆ ಅಂದಂಗಾಯ್ತು. ನಿಭಾಯಿಸ್ತೀನಿ ಅಂತ ಹೇಳಿ" ಎಂದು ಪೆನ್ನಿಗೆ ಕೈಚಾಚಿದರು.